ಕಾವ್ಯವೂ ಮನಸ್ಸಿನ ಆರೋಗ್ಯವೂ

ಕಾವ್ಯವೆಂದರೆ ಲೋಕಕ್ಕೆ ಹಿಡಿದ ಕನ್ನಡಿ ಎಂಬ ಭಾವನೆ ಪಾಶ್ಚಾತ್ಯರಲ್ಲಿ ಬಹುಕಾಲ ಬೇರೂರಿತ್ತು. ಇಂಗ್ಲೆಂಡಿನ ಕವಿ ವರ್ಡ್ಸ್‌ವರ್ತನು 'ಲಿರಿಕಲ್ ಬ್ಯಾಲಡ್ಸ್' ಸಂಕಲನಕ್ಕೆ 1800ರಲ್ಲಿ ಬರೆದ ಮುನ್ನುಡಿಯಲ್ಲಿ ಕಾವ್ಯದ ಮೂಲವನ್ನು ಕವಿಹೃದಯದಲ್ಲಿಯೇ ಅರಸಿದನು. ಆದರೆ ಉಕ್ಕಿಬಂದ ಭಾವವೆಲ್ಲವೂ ಕಾವ್ಯವೆಂದು ಆತನು ಹೇಳಲಿಲ್ಲ. ಅನುಭವದ ಕಾವು ಮೊದಲು ತಣಿಯಬೇಕು. ಪ್ರಶಾಂತವಾದ ಮನಸ್ಸು ಅದನ್ನು ಸ್ಮರಿಸುತ್ತಿರಲು ಭಾವವು ಮರುಹುಟ್ಟು ಪಡೆಯಬೇಕು. ಕವಿತೆ ಆಗಲೇ ಮೂಡುವುದೆಂಬುದು ಆತನ ಮತ.

ಈ ತತ್ತ್ವವು ಒಂದು ನೊಂದ ಮನಸ್ಸಿನಲ್ಲಿ ಪರೀಕ್ಷೆಗೊಳಗಾಯಿತು. ತತ್ತ್ವಜ್ಞಾನಿ ಜಾನ್ ಸ್ಟೂವರ್ಟ್ ಮಿಲ್ ಬಾಲ್ಯದಿಂದಲೂ ತರ್ಕ, ವಿಶ್ಲೇಷಣೆಗಳಲ್ಲೇ ಬೆಳೆದವನು. 1826ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಗಾಢವಾದ ಖಿನ್ನತೆಯು ಆತನನ್ನು ಕವಿಯಿತು. ಬಾಳಿನ ಗುರಿಗಳೇ ರುಚಿಗೆಟ್ಟವು. ಬೈರನ್ನನ ಕಾವ್ಯವನ್ನು ಓದಿದನು. ಅಲ್ಲಿ ತನ್ನದೇ ಬೇಗೆಯನ್ನು ಕಂಡನೇ ಹೊರತು ಉಪಶಮನ ದೊರೆಯಲಿಲ್ಲ. 1828ರಲ್ಲಿ ಕೈಗೆತ್ತಿಕೊಂಡ ವರ್ಡ್ಸ್‌ವರ್ತನ ಕವನಗಳಾದರೋ ತನಗೆ ಔಷಧದಂತೆ ಒದಗಿದುವೆಂದು 1873ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಹೇಳಿದ್ದಾನೆ. ನಿಸರ್ಗದ ಚೆಲುವಿನೊಡನೆ ಅದು ಎಬ್ಬಿಸಿದ ಶಾಂತಭಾವವೂ ಆ ಕವನಗಳಲ್ಲಿತ್ತು.

ವೈದ್ಯರ ಚಿಕಿತ್ಸೆಗೆ ಕಾವ್ಯವು ಬದಲಿಯಾಗಲಾರದು. ಆದರೂ ಬುದ್ಧಿಯಂತೆ ಭಾವಕ್ಕೂ ಕೃಷಿ ಬೇಕು. ಅದಿಲ್ಲದ ಮನಸ್ಸು ಬರಡಾಗುವುದೆಂಬುದಕ್ಕೆ ಮಿಲ್ಲನ ಬಾಳೇ ಸಾಕ್ಷಿ.