ಪಕ್ಕೆ ಸೆಳೆಯುವ ಮುನ್ನ

ಕಡೂರು ತಾಲ್ಲೂಕಿನ ಹೋಬಳಿ ಕೇಂದ್ರ ಚೌಳಹಿರಿಯೂರು ಬಯಲುಸೀಮೆಯ ಊರು. ತೆಂಗು, ರಾಗಿ, ಕೊಳವೆಬಾವಿ ಕೈಹಿಡಿದಲ್ಲಿ ಅಡಿಕೆ. ಇಲ್ಲಿಂದ ಅಜ್ಜಂಪುರ, ತರೀಕೆರೆವರೆಗಿನ ಹಳ್ಳಿಗಳಲ್ಲಿ ಚಳಿಗಾಲ ಬಂತೆಂದರೆ ಒಕ್ಕಣೆಯ ದೂಳು, ರಸ್ತೆ ಬದಿ ಸುರಿದ ಅಡಿಕೆ ಸಿಪ್ಪೆಗೆ ಇಟ್ಟ ಬೆಂಕಿಯ ಹೊಗೆ, ಬೆಳಗಿನ ಮಂಜು ಮೂರೂ ಸೇರಿಕೊಳ್ಳುತ್ತವೆ. ಮಕ್ಕಳಿಗೆ ಕೆಮ್ಮು ಹಿಡಿಯುವುದೂ ಆಗಲೇ. ಇದರಲ್ಲಿ ಬಹುಪಾಲು ವೈರಸ್‌ನಿಂದ ಬಂದ ನೆಗಡಿ, ತಾನಾಗಿ ಇಳಿಯುತ್ತದೆ. ಪುಟ್ಟ ಮಕ್ಕಳಿಗೆ ವರ್ಷಕ್ಕೆ ಆರೆಂಟು ಸಲ ನೆಗಡಿಯಾದರೂ ಅದು ಸಹಜವೇ. ನೂರು ಕೆಮ್ಮಿನ ನಡುವೆ ಅಪಾಯದ ಒಂದನ್ನು ಗುರುತಿಸುವುದು ಹೇಗೆ ಎಂಬುದೇ ತಾಯಂದಿರ ನಿಜವಾದ ಪ್ರಶ್ನೆ.

ಅದಕ್ಕೆ ಸ್ಟೆತಸ್ಕೋಪ್ ಬೇಕಿಲ್ಲ. ಒಂದು ಗಡಿಯಾರ ಸಾಕು.

ಮಗು ಅಳದೆ ಸುಮ್ಮನಿರುವಾಗ, ಇಲ್ಲವೇ ಮಲಗಿದ್ದಾಗ ಅಂಗಿ ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಎಳೆಯ ಮಕ್ಕಳ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಗಡಿ ಹೀಗಿದೆ: ಎರಡು ತಿಂಗಳು ತುಂಬದ ಕೂಸಿಗೆ ನಿಮಿಷಕ್ಕೆ 60, ಎರಡು ತಿಂಗಳಿಂದ ವರ್ಷದೊಳಗಿನ ಮಗುವಿಗೆ 50, ಒಂದರಿಂದ ಐದು ವರ್ಷದವರಿಗೆ 40. ಎಣಿಕೆ ಈ ಸಂಖ್ಯೆಯನ್ನು ಮುಟ್ಟಿದರೆ ಅಥವಾ ದಾಟಿದರೆ ಅದು ನ್ಯುಮೋನಿಯಾ ಇರಬಹುದು. ಅವತ್ತೇ ವೈದ್ಯರಿಗೆ ತೋರಿಸಬೇಕು. ಉಸಿರೆಳೆದಾಗ ಎದೆಗೂಡಿನ ಕೆಳಭಾಗ ಒಳಕ್ಕೆ ಜಗ್ಗುತ್ತಿದ್ದರೆ ಪರಿಸ್ಥಿತಿ ಇನ್ನೂ ಬಿಗಡಾಯಿಸಿದೆ ಎಂದು ಅರ್ಥ. ಆಶಾ ಕಾರ್ಯಕರ್ತೆಯರು ಇದನ್ನು ‘ಪಕ್ಕೆ ಸೆಳೆತ’ ಎನ್ನುತ್ತಾರೆ. ಮಗು ಹಾಲು, ನೀರು ಕುಡಿಯದಿದ್ದರೆ, ಮಂಕಾಗಿ ಎಬ್ಬಿಸಿದರೂ ಏಳದಿದ್ದರೆ, ಫಿಟ್ಸ್ ಬಂದರೆ, ತುಟಿ ನೀಲಿಗಟ್ಟಿದರೆ ಬೆಳಗಾಗಲಿ ಎಂದು ಕಾಯುವಂತಿಲ್ಲ. 2008ರಿಂದ ರಾಜ್ಯದಲ್ಲಿ ಓಡುತ್ತಿರುವ 108 ಆಂಬುಲೆನ್ಸ್ ಇರುವುದು ಇಂಥ ಹೊತ್ತಿಗೇ.

ದೊಡ್ಡವರು ಕೆಮ್ಮಿಕೊಂಡೇ ಹೊಲಕ್ಕೆ ಹೋಗಿ ಬರುವಾಗ ಮಕ್ಕಳೇಕೆ ಇಷ್ಟು ಬೇಗ ಸೋಲುತ್ತಾರೆ? ಕಾರಣ ಅಳತೆಯಲ್ಲಿದೆ. ಆಗತಾನೇ ಹುಟ್ಟಿದ ಕೂಸಿನ ಶ್ವಾಸನಾಳದ ಅತಿ ಕಿರಿದಾದ ಜಾಗ ಸುಮಾರು 4 ಮಿಲಿಮೀಟರ್ ಅಗಲ. ಒಳಗೋಡೆ ಸುತ್ತಲೂ ಒಂದೇ ಒಂದು ಮಿಲಿಮೀಟರ್ ಊದಿಕೊಂಡರೆ ಉಳಿಯುವ ದಾರಿ 2 ಮಿಲಿಮೀಟರ್. ದಾರಿ ಅರ್ಧವಾದರೆ ಗಾಳಿಗೆ ಎದುರಾಗುವ ತಡೆ ದುಪ್ಪಟ್ಟಾಗಿ ನಿಲ್ಲುವುದಿಲ್ಲ, ಹದಿನಾರು ಪಟ್ಟಾಗುತ್ತದೆ. ಅಷ್ಟೇ ಊತ ದೊಡ್ಡವರಿಗೆ ಬಂದರೆ ಗಂಟಲು ಕಟ್ಟಿದಂತಾಗುತ್ತದೆ, ಅಷ್ಟೆ. ಜೊತೆಗೆ ಕೂಸಿನ ಪಕ್ಕೆಲುಬು ಇನ್ನೂ ಮೆತ್ತಗಿರುತ್ತವೆ, ಉಸಿರಿನ ದುಡಿಮೆಗೆ ಬೇಕಾದ ಸ್ನಾಯುಗಳು ಬೇಗ ದಣಿಯುತ್ತವೆ.

ಎಣಿಕೆಯ ನಂತರ ಕಿವಿಯ ಕೆಲಸ. ಮೂಗಿನ ಗೊರಗೊರ ಸದ್ದು ಕೇಳಲು ಗಾಬರಿ ಹುಟ್ಟಿಸಿದರೂ ಅಷ್ಟು ಕೆಟ್ಟದ್ದಲ್ಲ. ಉಪ್ಪುನೀರಿನ ಹನಿ ಬಿಟ್ಟು ಮೂಗು ಒರೆಸಿದರೆ ಕೂಸು ಮತ್ತೆ ಮೊಲೆ ಹಿಡಿಯುತ್ತದೆ. ಎಣ್ಣೆ ಮಾತ್ರ ಬಿಡಬಾರದು. ಅದು ಶ್ವಾಸಕೋಶಕ್ಕೆ ಇಳಿದು ಬೇರೆ ಬಗೆಯ ನ್ಯುಮೋನಿಯಾ ತರುತ್ತದೆ. ಉಸಿರನ್ನು ಒಳಕ್ಕೆಳೆಯುವಾಗ ಕರಕರ ಸದ್ದು, ನಾಯಿ ಬೊಗಳಿದಂಥ ಗಡುಸು ಕೆಮ್ಮು ಇದ್ದರೆ ಊತ ಗಂಟಲಿನಲ್ಲಿದೆ. ಇದು ‘ಕ್ರೂಪ್’, ಹೆಚ್ಚಾಗಿ ರಾತ್ರಿ ಕಾಣಿಸಿಕೊಳ್ಳುತ್ತದೆ. ಮಗುವನ್ನು ಅಳಿಸದೆ, ಬಾಯಿ ತೆಗೆಸಿ ನೋಡಲು ಹೋಗದೆ, ತೊಡೆಯ ಮೇಲೆ ಕೂರಿಸಿಕೊಂಡೇ ಆಸ್ಪತ್ರೆಗೆ ಒಯ್ಯಬೇಕು. ಉಸಿರು ಹೊರಬಿಡುವಾಗ ಸಣ್ಣ ಸಿಳ್ಳೆ ಕೇಳಿಸಿದರೆ ತೊಂದರೆ ಇನ್ನೂ ಕೆಳಗೆ, ಎದೆಯೊಳಗಿನ ಸಣ್ಣ ನಾಳಗಳಲ್ಲಿದೆ. ಎರಡು ವರ್ಷದೊಳಗಿನವರಲ್ಲಿ ಇದಕ್ಕೆ ಸಾಮಾನ್ಯವಾಗಿ ಆರ್‌ಎಸ್‌ವಿ ಎಂಬ ವೈರಸ್ ಕಾರಣ. ದೊಡ್ಡ ಮಕ್ಕಳಲ್ಲಿ ಮತ್ತೆ ಮತ್ತೆ ಬಂದರೆ ಅದು ಅಸ್ತಮಾ ಇರಬಹುದು.

ಜ್ವರವಿಲ್ಲ, ನೆಗಡಿಯಿಲ್ಲ, ಆಡುತ್ತಿದ್ದ ಮಗು ಏಕಾಏಕಿ ಕೆಮ್ಮಿ ಕೆಮ್ಮಿ ಏದುಸಿರು ಬಿಡತೊಡಗಿದರೆ ಏನೋ ಒಳಗೆ ಹೋಗಿದೆ ಎಂದೇ ತಿಳಿಯಬೇಕು. ಕಡಲೆಕಾಯಿ ಬೀಜ, ಹುರಿಗಡಲೆ, ಹುಣಸೆ ಬೀಜ, ಅಡಿಕೆ ಚೂರು ಎಲ್ಲವೂ ನಮ್ಮ ಪಡಸಾಲೆಯಲ್ಲಿ ಮಗುವಿನ ಕೈಗೆ ಎಟಕುವ ವಸ್ತುಗಳು. ಕಾಳುಗಳು ಒಳಗೆ ತೇವ ಹೀರಿ ಇನ್ನಷ್ಟು ಉಬ್ಬುತ್ತವೆ. ಉಸಿರೇ ಕಟ್ಟಿದ್ದರೆ, ವರ್ಷದೊಳಗಿನ ಕೂಸನ್ನು ತಲೆ ತಗ್ಗಾಗುವಂತೆ ಮುಂಗೈ ಮೇಲೆ ಬೋರಲಾಗಿ ಮಲಗಿಸಿ ಹೆಗಲ ನಡುವೆ ಐದು ಬಾರಿ ತಟ್ಟಬೇಕು. ಹೊರಬರದಿದ್ದರೆ ಅಂಗಾತ ತಿರುಗಿಸಿ ಎರಡು ಬೆರಳಿನಿಂದ ಎದೆಯ ನಡುವೆ ಐದು ಬಾರಿ ಒತ್ತಬೇಕು. ಕಣ್ಣಿಗೆ ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿದರೆ ಅದು ಇನ್ನೂ ಆಳಕ್ಕೆ ಹೋಗುತ್ತದೆ. ಕೆಮ್ಮು ನಿಂತಿತೆಂದು ಸುಮ್ಮನಾಗುವಂತೆಯೂ ಇಲ್ಲ. ವಸ್ತು ಒಂದು ಬದಿಯ ನಾಳದಲ್ಲಿ ಕೂತು ವಾರಗಟ್ಟಲೆ ಕಾಡಬಹುದು. ಜರ್ಮನಿಯ ಗುಸ್ತಾವ್ ಕಿಲಿಯನ್ ಎಂಬ ವೈದ್ಯರು 1897ರಲ್ಲಿ ರೈತನೊಬ್ಬನ ಶ್ವಾಸನಾಳದಿಂದ ಮೂಳೆಯ ಚೂರನ್ನು ನಳಿಗೆಯ ಮೂಲಕ ತೆಗೆದರು. ಅವರು ತೋರಿಸಿದ ದಾರಿಯೇ ಇಂದಿನ ಬ್ರಾಂಕೊಸ್ಕೋಪಿ.

ಅಸ್ತಮಾದ ಕಥೆ ಬೇರೆ. ಬೆಂಗಳೂರಿನ ಮಕ್ಕಳ ಶ್ವಾಸರೋಗ ತಜ್ಞ ಡಾ. ಎಚ್. ಪರಮೇಶ್ ಅವರು ಇಪ್ಪತ್ತು ವರ್ಷಗಳ ಅವಧಿಯಲ್ಲಿ 20,000 ಮಕ್ಕಳ ಮಾಹಿತಿ ಕಲೆಹಾಕಿದರು. 1979ರಲ್ಲಿ ಶೇ 9ರಷ್ಟಿದ್ದ ಅಸ್ತಮಾ 1999ಕ್ಕೆ ಶೇ 29.5ಕ್ಕೆ ಏರಿತ್ತು. ಶಾಲೆಗಳಲ್ಲಿ ಅವರು ನಡೆಸಿದ ಸಮೀಕ್ಷೆಯಲ್ಲಿ ವಾಹನ ದಟ್ಟಣೆಯ ರಸ್ತೆಗಳ ಮಕ್ಕಳಿಗೇ ಕಾಯಿಲೆ ಹೆಚ್ಚಿತ್ತು. ಅವರಲ್ಲೂ ಬಡ ಮನೆಗಳ ಮಕ್ಕಳು ಎಲ್ಲರಿಗಿಂತ ಮುಂದಿದ್ದರು.

ಹಳ್ಳಿಯಲ್ಲಿ ವಾಹನ ಕಡಿಮೆ, ಹೊಗೆ ಕಡಿಮೆಯಲ್ಲ. ಅಡುಗೆಮನೆಗೆ ಗ್ಯಾಸ್ ಬಂದರೂ ಬಚ್ಚಲಿನ ಹಂಡೆ ಒಲೆಗೆ ತೆಂಗಿನ ಗರಿ, ಮಟ್ಟೆ, ಚಿಪ್ಪೇ ಉರುವಲು. ಬಾಣಂತಿ ಕೋಣೆಯ ಕೆಂಡ, ಎಣ್ಣೆನೀರು ಹಾಕಿದ ಕೂಸಿಗೆ ಹಿಡಿಯುವ ಸಾಂಬ್ರಾಣಿ ಹೊಗೆ, ರಾತ್ರಿಯ ಸೊಳ್ಳೆ ಬತ್ತಿ ಎಲ್ಲವೂ ಆ ಸಣ್ಣ ನಾಳಗಳನ್ನು ಕೆರಳಿಸುತ್ತವೆ. ಒಂದು ಸೊಳ್ಳೆ ಬತ್ತಿ ಉರಿದಾಗ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನ ಹೊಗೆಯಲ್ಲಿರುವಷ್ಟು ಎಂದು 2003ರ ಅಧ್ಯಯನವೊಂದು ಲೆಕ್ಕ ಹಾಕಿದೆ. ಸೊಳ್ಳೆ ಪರದೆ ಕಟ್ಟಿದರೆ ಈ ಹೊಗೆಯ ಅಗತ್ಯವೇ ಇಲ್ಲ. ಒಲೆಯ ಹೊಗೆಯನ್ನು ಮನೆಯಿಂದ ಹೊರಹಾಕುವ ಪ್ರಯತ್ನವೂ ಕರ್ನಾಟಕಕ್ಕೆ ಹೊಸದಲ್ಲ. ಅಮೂಲ್ಯ ರೆಡ್ಡಿ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರ ಹೊಗೆಕೊಳವೆಯಿರುವ ‘ಅಸ್ತ್ರ ಒಲೆ’ಯನ್ನು ರೂಪಿಸಿ ಹಳ್ಳಿಗಳಿಗೆ ತಲುಪಿಸಿತು. ಅಂಥ ಕೊಳವೆ ಇಂದಿನ ಬಚ್ಚಲೊಲೆಗೂ ಬೇಕು.

ಇನ್‌ಹೇಲರ್ ‘ಅಭ್ಯಾಸವಾಗಿಬಿಡುತ್ತದೆ’ ಎಂಬ ಭಯ ಇನ್ನೂ ಹೋಗಿಲ್ಲ. ಅದು ಚಟ ಹಿಡಿಸುವ ಔಷಧಿಯಲ್ಲ. ನುಂಗುವ ಔಷಧಿ ಮಿಲಿಗ್ರಾಂ ಲೆಕ್ಕದಲ್ಲಿ ಮೈಯೆಲ್ಲ ಸುತ್ತಿದರೆ, ಇನ್‌ಹೇಲರ್‌ನದು ಮೈಕ್ರೋಗ್ರಾಂ ಲೆಕ್ಕದಲ್ಲಿ ನೇರವಾಗಿ ನಾಳಕ್ಕೇ ತಲುಪುತ್ತದೆ. ಪುಟ್ಟ ಮಕ್ಕಳಿಗೆ ‘ಸ್ಪೇಸರ್’ ಎಂಬ ಡಬ್ಬಿ ಸಿಕ್ಕಿಸಿ ಕೊಡಬೇಕು. ಅರ್ಧ ಲೀಟರ್ ಪ್ಲಾಸ್ಟಿಕ್ ಬಾಟಲಿಯಿಂದ ಮಾಡಿದ ಸ್ಪೇಸರ್ ಕೂಡ ಅಂಗಡಿಯದರಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ದಕ್ಷಿಣ ಆಫ್ರಿಕಾದ ವೈದ್ಯೆ ಹೆದರ್ ಝಾರ್ ಮತ್ತು ಸಂಗಡಿಗರು 1999ರಲ್ಲಿ ತೋರಿಸಿಕೊಟ್ಟರು. ಕೆಮ್ಮಿನ ಸಿರಪ್ಪಿಗೆ ಮಾತ್ರ ಎಚ್ಚರ ಬೇಕು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಸಿರಪ್ ಕುಡಿದು ಮಕ್ಕಳು ಸತ್ತ ಮೇಲೆ, ಎರಡು ವರ್ಷದೊಳಗಿನವರಿಗೆ ಕೆಮ್ಮಿನ ಸಿರಪ್ ಕೊಡಲೇಬಾರದು ಎಂದು ಕೇಂದ್ರ ಆರೋಗ್ಯ ಇಲಾಖೆ ಸೂಚಿಸಿತು.

ನ್ಯುಮೋನಿಯಾದಿಂದ ಜಗತ್ತಿನಲ್ಲಿ ವರ್ಷಕ್ಕೆ ಐದು ವರ್ಷದೊಳಗಿನ ಸುಮಾರು 7 ಲಕ್ಷ ಮಕ್ಕಳು ಸಾಯುತ್ತಾರೆ. ಅದನ್ನು ತಡೆಯುವ ಲಸಿಕೆ ಈಗ ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಉಚಿತ. ಐದು ರೋಗಗಳಿಗೆ ತಡೆಯಾಗುವ ಪೆಂಟಾವೇಲೆಂಟ್ 6, 10, 14ನೇ ವಾರದಲ್ಲಿ. 2021ರಿಂದ ಇಡೀ ದೇಶಕ್ಕೆ ವಿಸ್ತರಿಸಿದ ನ್ಯುಮೋಕಾಕಲ್ ಲಸಿಕೆ ಪಿಸಿವಿ 6 ಮತ್ತು 14ನೇ ವಾರದಲ್ಲಿ, ಆಮೇಲೆ 9ನೇ ತಿಂಗಳಲ್ಲಿ. ಈ ಮೂರನೆಯ ಡೋಸ್ ಹೊತ್ತಿಗೆ ಬಾಣಂತನ ಮುಗಿಸಿದ ತಾಯಿ ತವರಿನಿಂದ ಗಂಡನ ಮನೆಗೆ ಬಂದಿರುತ್ತಾಳೆ. ಊರು ಬದಲಾದಾಗ ದಿನಾಂಕ ಮರೆತುಹೋಗುವುದುಂಟು. ತಾಯಿ ಕಾರ್ಡ್ ಹಿಡಿದು ಹೋದರೆ ಯಾವ ಕೇಂದ್ರದಲ್ಲಾದರೂ ಹಾಕುತ್ತಾರೆ. ಕೇಂದ್ರ ಸರ್ಕಾರ 2019ರಲ್ಲಿ ಶುರುಮಾಡಿದ ‘ಸಾಂಸ್’ ಅಭಿಯಾನದಲ್ಲಿ ಪ್ರತಿ ವರ್ಷ ನವೆಂಬರ್ 12ರಿಂದ ಫೆಬ್ರುವರಿ ಕೊನೆಯವರೆಗೆ ಆಶಾ ಕಾರ್ಯಕರ್ತೆಯರು ನ್ಯುಮೋನಿಯಾ ತಡೆಯುವ ಕೆಲಸಕ್ಕೆಂದೇ ಮನೆಗೆ ಬರುತ್ತಾರೆ. ಆಗ ಕಾರ್ಡ್ ತೋರಿಸಿ, ಉಸಿರು ಎಣಿಸುವ ಕ್ರಮವನ್ನು ಅವರ ಎದುರೇ ಒಮ್ಮೆ ಕಲಿತುಕೊಳ್ಳಬಹುದು.