ಅರ್ಧ ತಲೆನೋವು: ದಿನಾ ಗುಳಿಗೆ ನುಂಗಿದರೆ ನೋವು ಹೆಚ್ಚೇ ಆಗುತ್ತದೆ

ಶೇಗಾಂವ (ಜತ್ತ ತಾಲೂಕು): ಮರಾಠಿಯಲ್ಲಿ ಅರ್ಧಶಿಶಿ, ಕನ್ನಡದಲ್ಲಿ ಅರೆತಲೆನೋವು, ವೈದ್ಯರ ಬಾಯಲ್ಲಿ ಮೈಗ್ರೇನ್. ಹೆಸರು ಮೂರಾದರೂ ಕಾಯಿಲೆ ಒಂದೇ. ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಅಂಗಡಿಯಿಂದ ಗುಳಿಗೆ ತಂದು ನುಂಗಿ, ಒಂದು ಕಪ್ ಚಹಾ ಕುಡಿದು ಹೊಲಕ್ಕೆ ಹೋಗುವವರು ನಮ್ಮ ಗಡಿ ಹಳ್ಳಿಗಳಲ್ಲಿ ಬಹಳ. ತಿಂಗಳಿಗೆ ಒಂದೆರಡು ಸಲವಾದರೆ ಚಿಂತೆಯಿಲ್ಲ. ದಿನದ ರೂಢಿಯಾದರೆ ಆ ಗುಳಿಗೆಯಿಂದಲೇ ನೋವು ಬೇರೂರುತ್ತದೆ.

ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನಿಮ್ಹಾನ್ಸ್ ತಜ್ಞರು 2009-10ರಲ್ಲಿ ಮನೆ ಮನೆಗೆ ಹೋಗಿ 2,329 ಜನರನ್ನು ವಿಚಾರಿಸಿದ್ದರು. ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಇತ್ತು. ಮಹಿಳೆಯರಲ್ಲಿ ಹೆಚ್ಚು, ನಗರಕ್ಕಿಂತ ಹಳ್ಳಿಗಳಲ್ಲಿ ಹೆಚ್ಚು. ಆದ್ದರಿಂದ ಮಲಗಿದ ಸೊಸೆ ಕೆಲಸಗಳ್ಳಿಯಲ್ಲ. ಮಿದುಳಿನ ನರಗಳು ಅತಿ ಸೂಕ್ಷ್ಮವಾಗಿರುವುದರಿಂದ ಬರುವ ಈ ಕಾಯಿಲೆ ಹಲವು ಮನೆತನಗಳಲ್ಲಿ ತಾಯಿಯಿಂದ ಮಗಳಿಗೆ ಬರುತ್ತದೆ.

ಗುರುತಿಸುವುದು ಹೇಗೆ?

ಹೆಚ್ಚಾಗಿ ತಲೆಯ ಒಂದು ಬದಿ ಮಿಡಿಯುತ್ತದೆ. ವಾಕರಿಕೆ, ವಾಂತಿ ಬರುತ್ತದೆ. ಬೆಳಕು, ಸಪ್ಪಳ ಸಹಿಸಲಾಗುವುದಿಲ್ಲ. ಔಷಧಿ ಇಲ್ಲದಿದ್ದರೆ 4ರಿಂದ 72 ಗಂಟೆ ಕಾಡುತ್ತದೆ. ಮೂರು ತಿಂಗಳಿಗೂ ಮೇಲೆ ತಿಂಗಳಿಗೆ 15 ದಿನ ಅಥವಾ ಹೆಚ್ಚು ತಲೆನೋವಿದ್ದು, ಅದರಲ್ಲಿ 8 ದಿನವಾದರೂ ಮೈಗ್ರೇನ್ ಆಗಿದ್ದರೆ ಅದು ದೀರ್ಘಕಾಲದ ಮೈಗ್ರೇನ್.

ಗುಳಿಗೆಯ ಲೆಕ್ಕ

ಪ್ಯಾರಾಸಿಟಮಾಲ್, ಐಬುಪ್ರೊಫೇನ್‌ನಂಥ ಗುಳಿಗೆಗಳನ್ನು ತಿಂಗಳಲ್ಲಿ 15 ದಿನ, ಕೆಫೀನ್ ಬೆರೆತ ಮಿಶ್ರ ಗುಳಿಗೆಗಳನ್ನು 10 ದಿನ ಹೀಗೆ ಮೂರು ತಿಂಗಳು ಮೀರಿ ತೆಗೆದುಕೊಂಡರೆ ಔಷಧಿಯಿಂದಲೇ ತಲೆನೋವು ಹುಟ್ಟುತ್ತದೆ. ವೈದ್ಯರ ಸಲಹೆಯಂತೆ ನಿಲ್ಲಿಸಿದಾಗ ಮೊದಲ ಕೆಲವು ದಿನ ನೋವು ಏರಬಹುದು. ನಂತರ ಹೆಚ್ಚಿನವರಿಗೆ ಇಳಿಯುತ್ತದೆ.

ನೋವು ಬರದಂತೆ ತಡೆಯುವ ಔಷಧಿಗಳು ಬೇರೆಯೇ ಇವೆ. ಅವನ್ನು ದಿನಾ ತೆಗೆದುಕೊಳ್ಳಬೇಕು, ಗುಣ ಕಾಣಲು ಒಂದೆರಡು ತಿಂಗಳು ಬೇಕು. ದಮ್ಮು ಇರುವವರು, ಗರ್ಭಿಣಿಯರು ಅದನ್ನು ಮೊದಲೇ ವೈದ್ಯರಿಗೆ ಹೇಳಬೇಕು. ಕೆಲವು ಔಷಧಿ ಅವರಿಗೆ ಆಗಿಬರುವುದಿಲ್ಲ.

ಮನೆಯಲ್ಲಿ ಮಾಡಬೇಕಾದ್ದು

ಗೋಡೆಯ ಕ್ಯಾಲೆಂಡರಿನಲ್ಲಿ ನೋವು ಬಂದ ದಿನ ಒಂದು ಗೆರೆ, ಗುಳಿಗೆ ನುಂಗಿದ ದಿನ ಒಂದು ಸುನ್ನಿ ಹಾಕಿರಿ. ಉಪವಾಸ, ಬಿಸಿಲು, ನಿದ್ದೆಗೇಡು, ಮುಟ್ಟಿನ ದಿನಗಳಲ್ಲಿ ಯಾವುದು ಕಾರಣವೆಂದು ಎರಡು ತಿಂಗಳಲ್ಲಿ ತಿಳಿಯುತ್ತದೆ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ ಮಾಡಿರಿ. ಹೊಲಕ್ಕೆ ಹೋಗುವಾಗ ನೀರು ಒಯ್ಯಿರಿ, ತಲೆಯ ಮೇಲೆ ಸೆರಗು ಇಲ್ಲವೆ ಟವಲ್ ಇರಲಿ.

ಜತ್ತ, ಮಿರಜ್, ವಿಜಯಪುರ ಎಂದು ಎರಡೂ ರಾಜ್ಯಗಳ ದವಾಖಾನೆಗೆ ಹೋಗುವವರು ಎಲ್ಲ ಚೀಟಿಗಳನ್ನೂ, ಆ ಕ್ಯಾಲೆಂಡರನ್ನೂ ಜೊತೆಗೆ ಒಯ್ಯಬೇಕು. ಕಂಪನಿ ಹೆಸರು ಬೇರೆಯಾದರೂ ಒಳಗಿನ ಔಷಧಿ ಒಂದೇ ಇದ್ದು ಎರಡು ಪಟ್ಟು ಹೊಟ್ಟೆಗೆ ಹೋಗುವ ಅಪಾಯವಿದೆ.

ತಡಮಾಡಬೇಡಿ

ಸಿಡಿಲು ಬಡಿದಂತೆ ಒಮ್ಮೆಲೇ ಬಂದ ನೋವು, ಕೈಕಾಲು ಸೋಲುವುದು, ಮಾತು ತೊದಲುವುದು, ಜ್ವರದೊಂದಿಗೆ ಕುತ್ತಿಗೆ ಬಿಗಿತ, ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು ಇವನ್ನು ಅರ್ಧಶಿಶಿ ಎಂದು ತಳ್ಳಿಹಾಕಬಾರದು. ಕೂಡಲೇ 108ಕ್ಕೆ ಕರೆ ಮಾಡಿ. ಗಡಿಯ ಆಚೆಗೂ ಈಚೆಗೂ ಸಂಖ್ಯೆ ಅದೇ. 50 ದಾಟಿದ ಮೇಲೆ ಹೊಸದಾಗಿ ತಲೆನೋವು ಶುರುವಾದರೂ ವೈದ್ಯರಿಗೆ ತೋರಿಸಬೇಕು.