ಜಿಂಕೆಗೆ ಬಿತ್ತಿದ ಮೇವು
ಕಾಡಿನೊಳಗೆ ಬಿತ್ತನೆ, ಅದೂ ಜಿಂಕೆಗಳಿಗಾಗಿ! ಅಮೆರಿಕದ ವಿಸ್ಕಾನ್ಸಿನ್, ಮಿಷಿಗನ್ ಮುಂತಾದ ರಾಜ್ಯಗಳಲ್ಲಿ ಸ್ವಂತ ಕಾಡು ಹೊಂದಿರುವ ಅನೇಕರು ಮಾಡುವ ಕೆಲಸವಿದು. ಇದು ಬರೀ ಪ್ರಾಣಿದಯೆ ಎಂದುಕೊಳ್ಳಬೇಡಿ. ಮೇಯಲು ಬರುವ ಬಿಳಿಬಾಲದ ಜಿಂಕೆಗಾಗಿ ಮರದ ಅಟ್ಟಣೆಯಲ್ಲಿ ಕೋವಿ ಹಿಡಿದವನೊಬ್ಬ ಕಾದಿರುತ್ತಾನೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧ. ಅಲ್ಲಿ ಪರವಾನಗಿ ಪಡೆದರೆ ಸಕ್ರಮ.

ಮರಗಳ ನೆರಳಿನಲ್ಲಿ ಎಲ್ಲ ಬೆಳೆಯೂ ಬಾರದು. ಬಿಳಿ ಕ್ಲೋವರ್ ಮಾತ್ರ ದಿನಕ್ಕೆ ಮೂರು-ನಾಲ್ಕು ತಾಸು ಬಿಸಿಲು ಬಿದ್ದರೂ ಚಿಗುರುತ್ತದೆ. ಇದು ನಮ್ಮ ಹುರುಳಿ, ಅವರೆಗಳ ಬಂಧು. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುವುದರಿಂದ ಬಡ ಮಣ್ಣಿನಲ್ಲೂ ಎಲೆ ಪುಷ್ಟಿಯಾಗಿರುತ್ತದೆ. ಒಮ್ಮೆ ಬಿತ್ತಿದರೆ ಮೂರು-ನಾಲ್ಕು ವರ್ಷ ಚಿಂತೆಯಿಲ್ಲ. ಜೊತೆಗೆ ಚಿಕೋರಿ. ಹೌದು, ನಾವು ಕಾಫಿಪುಡಿಗೆ ಬೆರೆಸುವ ಬೇರಿನ ಗಿಡವೇ! ಅದರ ತಾಯಿಬೇರು ಆಳಕ್ಕಿಳಿಯುವುದರಿಂದ ಬೇಸಿಗೆಯಲ್ಲೂ ಹಸಿರು ಉಳಿಯುತ್ತದೆ.

ತರಗೆಲೆ ಗುಡಿಸಿ, ಹುಳಿಮಣ್ಣಿಗೆ ಸುಣ್ಣ ಬೆರೆಸಿದರೆ ನೆಲ ಸಿದ್ಧ. ಚಳಿಗಾಲದ ಕೊನೆಯಲ್ಲಿ ಕ್ಲೋವರ್ ಬೀಜವನ್ನು ಸುಮ್ಮನೆ ಎರಚುವುದೂ ಉಂಟು. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಮಣ್ಣು ಬಿರಿದು ಬೀಜವನ್ನು ತಾನೇ ಒಳಗೆಳೆದುಕೊಳ್ಳುತ್ತದೆ. ನೇಗಿಲಿನ ಹಂಗೇ ಇಲ್ಲ!

ಜೋಳ ಸುರಿದು ಜಿಂಕೆ ಕರೆಯುವುದು ಇನ್ನೂ ಸುಲಭವಲ್ಲವೇ? ಸುಲಭವೇ, ಆದರೆ ಅಪಾಯ. ಜಿಂಕೆಗಳ ಮಿದುಳನ್ನು ನಾಶಮಾಡುವ, ಮದ್ದಿಲ್ಲದ ರೋಗವೊಂದು 2002ರಲ್ಲಿ ವಿಸ್ಕಾನ್ಸಿನ್‌ನ ಕಾಡುಜಿಂಕೆಗಳಲ್ಲಿ ಪತ್ತೆಯಾಯಿತು. ಅದು ಜೊಲ್ಲಿನಿಂದಲೂ ಹರಡುತ್ತದೆ. ಒಂದೇ ರಾಶಿಗೆ ಹತ್ತು ಮೂತಿ ತಗಲಿದರೆ ಕೇಳಬೇಕೇ? ರೋಗವಿರುವ ಪ್ರದೇಶಗಳಲ್ಲಿ ಹೀಗೆ ಸುರಿಯುವುದಕ್ಕೆ ನಿಷೇಧ ಬಂತು, ಬೆಳೆದು ನಿಂತ ಮೇವಿಗೆ ಬರಲಿಲ್ಲ. ಮೇವು ಹರಡಿಕೊಂಡಿರುತ್ತದೆ ಎಂಬುದು ಸಮರ್ಥನೆ. ಆದರೆ ಕಾಡಿನ ನಡುವಿನ ಪುಟ್ಟ ಪಟ್ಟಿಯಲ್ಲೂ ಜಿಂಕೆಗಳು ಗುಂಪುಗೂಡುವುದು ತಪ್ಪೀತೇ?

1900ರ ಸುಮಾರಿಗೆ ಅತಿಬೇಟೆಯಿಂದ ಅಮೆರಿಕದಲ್ಲಿ ಈ ಜಿಂಕೆಗಳು ಐದು ಲಕ್ಷದಷ್ಟು ಉಳಿದಿದ್ದವು ಎಂದು ಅಂದಾಜು. ಕಾನೂನಿನ ರಕ್ಷಣೆ ಸಿಕ್ಕಿತು, ಅವನ್ನು ತಿನ್ನುವ ತೋಳಗಳು ಬಹುತೇಕ ಕಡೆ ಇಲ್ಲವಾದವು. ಈಗ ಸಂಖ್ಯೆ ಮೂರು ಕೋಟಿಯ ಆಸುಪಾಸಿನಲ್ಲಿದೆ. ಕಾಡಿನ ನೆರಳಲ್ಲಿ ಅರಳುವ ಟ್ರಿಲಿಯಂ ಹೂಗಿಡ, ಓಕ್ ಮರದ ಸಸಿ ಎಲ್ಲವೂ ಅವುಗಳ ಬಾಯಿಗೆ. ಹಾಗಾಗಿ ಅಲ್ಲಿ ಬೇಟೆಯೂ ಕಾಡಿನ ನಿರ್ವಹಣೆಯ ಭಾಗ. ಆದರೆ ಮೇವು ಬೆಳೆಸಿ ಹೊಟ್ಟೆ ತುಂಬಿಸುತ್ತಲೇ ಸಂಖ್ಯೆ ಇಳಿಸುವುದು ಹೇಗೆ? ದೊಡ್ಡ ಕೊಂಬಿನ ಆಸೆಗೆ ಗಂಡನ್ನೇ ಕಾಯುವವನ ಕ್ಲೋವರ್ ತಿಂದು ಹೆಣ್ಣುಗಳು ಅವಳಿ ಮರಿ ಹಾಕುತ್ತವೆ. ಅದಕ್ಕೇ ಅನೇಕ ರಾಜ್ಯಗಳು ಕೊಂಬಿಲ್ಲದ ಜಿಂಕೆ ಹೊಡೆಯಲು ಪ್ರತ್ಯೇಕ ಪರವಾನಗಿ ಕೊಡುತ್ತವೆ.